ಸತ್ತವರ ವಿಳಾಸ ಬಲ್ಲ ಎರ್ಸಿಲಿಯಾ

ನವೆಂಬರ್ ತಿಂಗಳ ಬೆಳಗು, ಆರೂಮುಕ್ಕಾಲು. ಬ್ರಾಡಿ ಹಿಲ್ ಊರಿನ ಬೆನ್ನಿಗಿರುವ ಕಲ್ಲಿದ್ದಲ ಕಸದ ದಿಬ್ಬದಾಚೆ ಸೂರ್ಯ ಈಗಷ್ಟೇ ತಲೆಯೆತ್ತುತ್ತಿದ್ದಾನೆ. ಸಂತ ಫಾಂತೀನೊ ಸ್ಮಶಾನದ ಏಳನೇ ಸಾಲಿನಲ್ಲಿ ಎರ್ಸಿಲಿಯಾ ಪೆತ್ರುಲ್ಲೊ ಹಳೇ ದಿಂಬಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಕನ್ನಡಿ ಹಿಡಿದು ಕೂತಿದ್ದಾರೆ. ಮುಖ ನೋಡಿಕೊಳ್ಳುವ ಕನ್ನಡಿಯೇ, ಸ್ವಂತ ಮನೆಯ ಬಚ್ಚಲಿನಿಂದ ಕಿತ್ತು ತಂದದ್ದು. ಅದರಲ್ಲಿ ಮುಖ ನೋಡಿಕೊಳ್ಳುವುದನ್ನು ಅವರು ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ಕನ್ನಡಿಯನ್ನು ಒಂಚೂರು ಓರೆ ಮಾಡಿ, ಬಂದ ಬಿಸಿಲನ್ನು ಎದುರಿನ ಬೋಳು ಕಲ್ಲಿನ ಮೇಲೆ ಅಡ್ಡಕ್ಕೆ ಹಾಯಿಸುತ್ತಾರೆ. ಇಷ್ಟು ಹೊತ್ತು ಏನೂ ಇಲ್ಲದಂತಿದ್ದ ಕಲ್ಲಿನ ಮೇಲೆ ಒಂದೊಂದೇ ಅಕ್ಷರ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ.

"ಸಿಕ್ಕಿದ್ಲು," ಎನ್ನುತ್ತಾರೆ ಎರ್ಸಿಲಿಯಾ. "ಬೆನೆದೆತ್ತಾ ಅಂತ. ಸತ್ತಿದ್ದು ಸಾವಿರದ ಒಂಬೈನೂರ ಹದಿನೆಂಟು, ಆ ಹಾಳು ಜ್ವರದ ವರ್ಷ. ಬಾರಮ್ಮ, ಬರ್ಕೊಳ್ತೀನಿ ನಿನ್ನನ್ನ." ತುಟಿಯಲ್ಲಿ ಕಚ್ಚಿಕೊಂಡಿದ್ದ ಪೆನ್ಸಿಲು ಕೈಗೆ ಬರುತ್ತದೆ, ಕನ್ನಡಿ ಮಡಿಲಿಗೆ ಹೋಗುತ್ತದೆ. "ಮಧ್ಯಾಹ್ನ ಬಂದು ಭೂತಗನ್ನಡಿ ಹಿಡಿದ್ರೂ ಇವಳು ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ. ಬೆಳಗಿನ ಓರೆ ಬಿಸಿಲು ಇಪ್ಪತ್ತು ನಿಮಿಷ ಇರುತ್ತೆ. ಅಷ್ಟರಲ್ಲಿ ಕೇಳಿಬಿಡಬೇಕು."

ಇಪ್ಪತ್ತು ನಿಮಿಷಕ್ಕೆ ನಾಲ್ಕು ಕಲ್ಲು, ಅದೃಷ್ಟವಿದ್ದರೆ ಐದು. ಆಮೇಲೆ ದಿಂಬು ಕಂಕುಳಲ್ಲಿ ಇಟ್ಟುಕೊಂಡು, ಎಡಮಂಡಿಯನ್ನು ಬೈಯುತ್ತ, ಎರ್ಸಿಲಿಯಾ ಚರ್ಚಿನ ನೆಲಮಾಳಿಗೆಗೆ ಇಳಿಯುತ್ತಾರೆ. ಅಲ್ಲಿ ಒಂದು ಮೇಜು, ಒಂದು ಹಳೇ ಕಂಪ್ಯೂಟರು, ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಅಕಾರಾದಿಯಾಗಿ ಜೋಡಿಸಿದ ಚೀಟಿಗಳು. ಕಾಫಿ ಕುದಿಯುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೊಬ್ಬರು ನಿಂತಿರುತ್ತಾರೆ. ನಮ್ಮ ಮುತ್ತಜ್ಜ ಯಾವ ಊರಿನವನು ಕುಮಾ, ಹಡಗು ಹತ್ತಿದ್ದು ಯಾವಾಗ ಕುಮಾ, ನಮ್ಮವರು ಯಾರಾದ್ರೂ ಅಲ್ಲಿ ಉಳಿದಿದ್ದಾರಾ ಕುಮಾ? ಮಕ್ಕಳ ನಾಮಕರಣಕ್ಕೆ ಜೊತೆ ನಿಂತವರನ್ನು ಕುಮಾ, ಕುಂಪಾ ಎಂದು ಕರೆಯುವುದು ಇಲ್ಲಿನ ವಾಡಿಕೆ. ಎರ್ಸಿಲಿಯಾ ಯಾರ ನಾಮಕರಣಕ್ಕೆ ನಿಂತರೋ ಬಿಟ್ಟರೋ, ಊರಿಗೆಲ್ಲ ಕುಮಾ.

ಕಾಗದದ ಮೇಲೆ ಅವರು ಸ್ಮಶಾನದ ಉಸ್ತುವಾರಿ. ಹುಲ್ಲು ಕತ್ತರಿಸುವುದು, ಹಿಮ ಸರಿಸುವುದು, ಗೇಟಿಗೆ ಬೀಗ ಹಾಕುವುದು. ಇಟಲಿಯಿಂದ ಕಡಲು ದಾಟಿ ಬಂದವರ ಜಾಡು ಹಿಡಿಯುವ ಕೆಲಸವನ್ನು ಯಾರೂ ಅವರಿಗೆ ಒಪ್ಪಿಸಿಲ್ಲ. ಅದು ತಾನಾಗಿ ಹೆಗಲೇರಿದ್ದು. ಸ್ಮಶಾನದಲ್ಲಿರುವುದು ನಾಲ್ಕು ಸಾವಿರದ ನೂರಾ ಹನ್ನೆರಡು ಗೋರಿ. ಅವರು ಓದಿ ಮುಗಿಸಿರುವುದು ಮೂರು ಸಾವಿರದ ಇನ್ನೂರ ಅರವತ್ತು. ವಾರಕ್ಕೆ ಹದಿನಾಲ್ಕು ಪತ್ರ ಇಟಲಿಯ ಪುಟ್ಟ ಪುಟ್ಟ ಊರಕಚೇರಿಗಳಿಗೆ ಹೋಗುತ್ತವೆ, ಮೂರಕ್ಕೆ ಉತ್ತರ ಬಂದರೆ ಆ ವಾರ ಹಬ್ಬ. ಇದುವರೆಗೆ ಆರುನೂರ ಹನ್ನೆರಡು ಮನೆತನಗಳನ್ನು ಅವರವರ ಹಳ್ಳಿಯ ಬಾಗಿಲವರೆಗೆ ಮುಟ್ಟಿಸಿದ್ದಾರೆ. ಇದಕ್ಕೆ ಸಿಗುವುದು ಸೋಂಪು ಹಾಕಿದ ಬಿಸ್ಕತ್ತಿನ ತಟ್ಟೆ, ಮನೆಯಲ್ಲೇ ಕಾಯಿಸಿಟ್ಟ ಟೊಮೆಟೊ ಸಾಸಿನ ಬಾಟಲಿ, ಸಂತೋಷ ಹೆಚ್ಚಾದವರಿಂದ ಒಂದು ಟ್ರೇ ಪಿಜ್ಜಾ.

ಅರವತ್ತೆಂಟು ವರ್ಷದ ಈ ಹೆಂಗಸು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹದಿನೇಳಕ್ಕೆ ಇದೇ ಊರಿನ ಬಟ್ಟೆ ಕಾರ್ಖಾನೆ ಸೇರಿದರು. ಮೂವತ್ತೊಂದು ವರ್ಷ ಒಂದೇ ಕೆಲಸ: ಅಂಗಿಗೆ ಕಾಲರ್ ಕೂರಿಸುವುದು. ಕಾರ್ಖಾನೆ ಮುಚ್ಚಿತು. ಅದೇ ಚಳಿಗಾಲದಲ್ಲಿ ಗಂಡ ಗೈತಾನೊ ಕೆಮ್ಮಿ ಕೆಮ್ಮಿ ತೀರಿಕೊಂಡರು. ಮನೆಯಲ್ಲಿ ಕೂತು ಗೋಡೆ ನೋಡುವುದು ಬೇಡವೆಂದು ಚರ್ಚಿನ ಕಮಿಟಿಯವರು ಸ್ಮಶಾನದ ಕೀಲಿಕೈ ಕೊಟ್ಟರು. ಕೀಲಿಕೈ ಜೊತೆ ಗೋರಿಗಳ ಪುಸ್ತಕವನ್ನೂ ಕೊಡಬೇಕಿತ್ತು. ಅದು ಹಿಂದೊಮ್ಮೆ ಹೊಳೆ ಉಕ್ಕಿದಾಗ ನೆನೆದು, ಹಾಳೆಗಳೆಲ್ಲ ಹಸಿ ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡಿತ್ತು.

"ಮೊದಲ ವರ್ಷ ಸತ್ತವರ ಹಬ್ಬದ ದಿನ ಒಬ್ಬ ಮುದುಕ ಬಂದ," ಎಂದು ನೆನೆಯುತ್ತಾರೆ ಎರ್ಸಿಲಿಯಾ. "ಕೈತುಂಬ ಹೂವು. ಅಮ್ಮ ಎಲ್ಲಿದ್ದಾಳೆ ಅಂತ ಗೊತ್ತಿಲ್ಲ. ಒಂದೊಂದು ಬೋಳು ಕಲ್ಲಿನ ಮುಂದೆ ಒಂದೊಂದು ಹೂವು ಇಡ್ತಾ ಹೋದ. ಎಲ್ಲೋ ಒಂದು ಕಡೆ ತಲುಪುತ್ತೆ ಬಿಡು ಕುಮಾ ಅಂದ. ಅವತ್ತು ಮನೆಗೆ ಹೋಗಿ ಕನ್ನಡಿ ಕಿತ್ಕೊಂಡು ಬಂದೆ."

ಕಲ್ಲು ಓದುವುದು ಸುಲಭದ ಪಾಲು. ಇಟಲಿಯ ಗುಮಾಸ್ತರ ಕೈಬರಹ ಶುರುವಿನಲ್ಲಿ ಇರುವೆ ಸಾಲಿನಂತೆ ಕಂಡಿತಂತೆ. ತಾಯಿಯಿಂದ ಬಂದದ್ದು ಹಳ್ಳಿಯ ಆಡುಮಾತು. ಬರಹದ ಇಟಾಲಿಯನ್ ಅವರಿಗೆ ಬರುತ್ತಿರಲಿಲ್ಲ. ಕಲಿಸಿದವರು ಯಾರು ಎಂದರೆ ನಗುತ್ತಾರೆ. "ಕಾಲರ್ ಕಲಿಸ್ತು. ಮೂವತ್ತೊಂದು ವರ್ಷ ಎಂಟನೇ ಹೊಲಿಗೆ ಎಲ್ಲಿ ತಪ್ಪಿದೆ ಅಂತ ನೋಡಿದ ಕಣ್ಣು ಇದು. ಒಬ್ಬ ಗುಮಾಸ್ತನ ಕೈ ಒಂದು ತಿಂಗಳು ನೋಡಿದ್ರೆ, ಅವನು ಯಾವತ್ತು ಕುಡಿದು ಬರೆದಿದ್ದಾನೆ ಅಂತ್ಲೂ ಹೇಳ್ತೀನಿ."

ಬರುವವರೂ ಬಗೆಬಗೆಯವರು. ಅಜ್ಜಿಯನ್ನು ಗಂಡನ ಮನೆಯ ಹೆಸರಲ್ಲಿ ಹುಡುಕಿ ಹುಡುಕಿ, ನಮ್ಮಜ್ಜಿ ಹುಟ್ಟಿಯೇ ಇಲ್ಲ ಎಂದು ಮುಖ ಬಾಡಿಸಿಕೊಂಡು ಬರುತ್ತಾರೆ. ಆ ಕಡೆಯ ಹೆಂಗಸು ಸಾಯುವವರೆಗೂ ದಾಖಲೆಯಲ್ಲಿ ತವರಿನ ಹೆಸರಲ್ಲೇ ಇರುತ್ತಾಳೆ ಎಂದು ಎರ್ಸಿಲಿಯಾ ಹೇಳಬೇಕು. ಇನ್ನೊಬ್ಬರು ಮುತ್ತಜ್ಜಿಯ ಹುಟ್ಟಿದ ಚೀಟಿ ಹಿಡಿದು ಬರುತ್ತಾರೆ. ಅದು ಅವಳದ್ದಲ್ಲ, ಎಂಟು ತಿಂಗಳಿಗೇ ತೀರಿಹೋದ ಅಕ್ಕನದ್ದು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು. ಮನೆತನಕ್ಕೆ ರಾಜಮರ್ಯಾದೆ ಬೇಕೆಂದು ಬರುವವರೂ ಉಂಟು. ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಬಂದಿಳಿದ ಒಬ್ಬರು, ನಮ್ಮ ಮುತ್ತಾತ ಜಮೀನ್ದಾರನಂತೆ, ಕೋಟೆಯಿತ್ತಂತೆ ಎಂದರು. ಎರ್ಸಿಲಿಯಾ ಎರಡು ತಿಂಗಳು ಹುಡುಕಿ ಹೇಳಿದರು: "ನಿಮ್ಮ ಮುತ್ತಾತ ಕತ್ತೆ ಹೊಡೀತಿದ್ದ. ಆದ್ರೆ ಕತ್ತೆ ಸ್ವಂತದ್ದು. ಆ ಊರಲ್ಲಿ ಸ್ವಂತ ಕತ್ತೆ ಇದ್ದೋರು ಆರೇ ಜನ." ಬಂದವರು ಮೂಗು ಮುರಿದರೂ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಎರಡು ಕಾಗದ ಒಂದೇ ಮಾತು ಹೇಳುವವರೆಗೆ ಎರ್ಸಿಲಿಯಾ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ಮೇಲೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಪಾದ್ರಿಯ ಮಾತಿಗಾದರೂ ಎದುರಾಡುವವರು ಊರಲ್ಲಿದ್ದಾರೆ, ಕುಮಾ ಹೇಳಿದ ಮೇಲೆ ಮುಗಿಯಿತು. ಇಂಥವರು ಒಮ್ಮೆ ತಪ್ಪಿದರು. ಹನ್ನೊಂದು ವರ್ಷ ಅದು ಯಾರಿಗೂ ತಿಳಿಯಲಿಲ್ಲ. ಈ ವರ್ಷದ ಫೆಬ್ರವರಿಯಲ್ಲಿ ತಿಳಿದಾಗಲೂ, ತಿಳಿದದ್ದು ಅವರೊಬ್ಬರಿಗೇ.

ತಪ್ಪಿನ ಬೇರು ರೊಕ್ಕಾಸ್ಪೀನಾ ಎಂಬ ಬೆಟ್ಟದ ಹಳ್ಳಿಯಲ್ಲಿದೆ. ಬ್ರಾಡಿ ಹಿಲ್‌ನ ಅರ್ಧ ಊರಿನ ಮೂಲ ಅದೇ. ಅಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು ಇಡಲೇಬೇಕು. ಹಿರಿಯ ದೊನಾತೊ ಲಸೋರ್ಸಾನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಒಂದೇ ವರ್ಷ ಚೊಚ್ಚಲ ಗಂಡು. ಹೀಗಾಗಿ ಸಾವಿರದ ಎಂಟುನೂರ ಎಂಬತ್ತನಾಲ್ಕರಲ್ಲಿ ಇಬ್ಬರು ದೊನಾತೊ ಲಸೋರ್ಸಾ ಹುಟ್ಟಿದರು. ಒಬ್ಬನ ಅಪ್ಪ ಗಾಡಿ ಹೊಡೆಯುತ್ತಿದ್ದ, ಇನ್ನೊಬ್ಬನ ಅಪ್ಪ ಚರ್ಚಿನ ಗಂಟೆ ಬಾರಿಸುತ್ತಿದ್ದ. ಊರವರಿಗೆ ಗೊಂದಲವೇನಿರಲಿಲ್ಲ: ಇವನು ಗಾಡಿ ದೊನಾತೊ, ಅವನು ಗಂಟೆ ದೊನಾತೊ. ಇಬ್ಬರೂ ಬೆಳೆದರು, ಮದುವೆಯಾದರು, ಒಂದೊಂದು ಗಂಡುಮಗುವನ್ನೂ ಹೆಂಡತಿಯನ್ನೂ ಊರಲ್ಲೇ ಬಿಟ್ಟು ಒಂದೇ ಹಡಗಿನಲ್ಲಿ ಇಲ್ಲಿಗೆ ಬಂದರು. ರೊಕ್ಕಾಸ್ಪೀನಾದಿಂದ ಬ್ರಾಡಿ ಹಿಲ್‌ಗೆ ಬಂದ ಮೊದಲಿಗರೇ ಅವರು.

ಬಂದ ನಾಲ್ಕೇ ತಿಂಗಳಿಗೆ, ಸಾವಿರದ ಒಂಬೈನೂರ ಹನ್ನೊಂದರ ಡಿಸೆಂಬರಿನಲ್ಲಿ, ಕಲ್ಲಿದ್ದಲ ಗಣಿಯ ಚಾವಣಿ ಕುಸಿದು ಒಬ್ಬ ದೊನಾತೊ ಸತ್ತ; ಇನ್ನೊಬ್ಬ ಆಮೇಲೆ ಊರಲ್ಲಿ ಕಾಣಲೇ ಇಲ್ಲ. ಯಾವ ದೊನಾತೊ? ಅವನನ್ನು ಮಣ್ಣು ಮಾಡಿದ ಐರಿಷ್ ಪಾದ್ರಿ ಬರೆದದ್ದು ಇಷ್ಟೇ: ದೊನಾತೊ ಲಸೋರ್ಸಾ, ಇಪ್ಪತ್ತೇಳು, ಇಟಾಲಿಯನ್. ಅಷ್ಟು ಹೇಳಿದರೆ ಎಲ್ಲ ಹೇಳಿದಂತಾಯಿತು ಎಂದುಕೊಂಡಿರಬೇಕು ಪುಣ್ಯಾತ್ಮ. ಗಣಿಯ ಗುಮಾಸ್ತ ದೊನಾತೊ ಲಸೋರ್ಸಾನ ಹೆಂಡತಿಗೆ, ರೊಕ್ಕಾಸ್ಪೀನಾ ಎಂದು ವಿಳಾಸ ಬರೆದು ಕಾಗದ ಹಾಕಿದ. ಊರವನೇ ಬರೆದಿದ್ದರೆ ಗಾಡಿಯೋ ಗಂಟೆಯೋ ಎಂದು ಸೇರಿಸಿರುತ್ತಿದ್ದ. ಅಂಚೆಯವನು ರಸ್ತೆಗೆ ಹತ್ತಿರವಿದ್ದ ಗಾಡಿ ಮನೆಗೆ ಕಾಗದ ಕೊಟ್ಟ. ಗಾಡಿ ದೊನಾತೊನ ಹೆಂಡತಿ ಅಂದೇ ಕಪ್ಪು ಬಟ್ಟೆ ಉಟ್ಟಳು. ಗಂಟೆ ದೊನಾತೊನ ಹೆಂಡತಿ ಅರ್ಕಾಂಜೆಲಾ ತನ್ನ ಗಂಡನ ಕಾಗದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಒಂದೂ ಬರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಊರೇ ತೀರ್ಮಾನಿಸಿತು: ಗಂಟೆ ದೊನಾತೊ ಹೆಂಡತಿ ಮಗನನ್ನು ಬಿಟ್ಟು ಓಡಿಹೋದ.

ಮುಂದೆ ಇಬ್ಬರ ಮಕ್ಕಳೂ ಬ್ರಾಡಿ ಹಿಲ್‌ಗೆ ಬಂದು ನೆಲೆಸಿದರು. ಊರಿನ ತೀರ್ಮಾನವೂ ಅವರ ಜೊತೆಗೇ ಹಡಗು ಹತ್ತಿ ಬಂತು. ಗಾಡಿ ದೊನಾತೊನ ಮೊಮ್ಮಗ ವೀತೊ ಲಸೋರ್ಸಾ, ಎಂಬತ್ತನಾಲ್ಕು ವರ್ಷ, ಸ್ಮಶಾನ ಕಮಿಟಿಯ ಅಧ್ಯಕ್ಷರು, ಗಣಿಯಲ್ಲಿ ಮಡಿದವನ ಮೊಮ್ಮಗನೆಂದು ಎದೆಯುಬ್ಬಿಸಿ ನಡೆಯುವವರು. ಗಂಟೆ ದೊನಾತೊನ ಮೊಮ್ಮಗಳು ಮಫಾಲ್ಡಾ, ಎಂಬತ್ತಮೂರು ವರ್ಷ. ಶಾಲೆಯ ಅಡುಗೆಮನೆಯಲ್ಲಿ ದುಡಿದವರು, ಐರಿಷ್‌ನವನನ್ನು ಮದುವೆಯಾಗಿ ಊರಿನ ಆ ತುದಿಗೆ ಹೋದವರು, ಗಣಿ ಕಾರ್ಮಿಕರ ಪೂಜೆಗೆ ಅರವತ್ತು ವರ್ಷದಿಂದ ಕಾಲಿಡದವರು.

ಹನ್ನೊಂದು ವರ್ಷದ ಹಿಂದೆ ಇಬ್ಬರೂ ಎರ್ಸಿಲಿಯಾರ ಬಳಿಗೆ ಬಂದಿದ್ದರು. ಗಣಿ ಕಾರ್ಮಿಕರ ಸಾಲಿನಲ್ಲಿ ಕಲ್ಲಿಲ್ಲದ ಗೋರಿಗಳಿಗೆ ಕಬ್ಬಿಣದ ಗೂಟಗಳಷ್ಟೇ ಇದ್ದವು. ಹದಿನಾಲ್ಕನೇ ಗೂಟ ದೊನಾತೊನದು ಎಂದು ಎರ್ಸಿಲಿಯಾ ಪತ್ತೆಮಾಡಿದರು. ಯಾವ ದೊನಾತೊ ಎಂಬುದಕ್ಕೆ ಇಟಲಿಯ ಕಾಗದ ನೋಡಿದರು. ವೀತೊನ ಅಜ್ಜಿ ಸತ್ತ ದಾಖಲೆಯಲ್ಲಿ, ಗಣಿಯಲ್ಲಿ ಸತ್ತವನ ವಿಧವೆ ಎಂದಿತ್ತು. ಮನೆಯವರ ಕತೆಯೂ ಅದನ್ನೇ ಹೇಳಿತು. ಎರಡು ಸಾಕ್ಷಿ ಆಯಿತಲ್ಲ. ವೀತೊನ ಮನೆಯವರು ಕಲ್ಲು ನಿಲ್ಲಿಸಿದರು, ಇಲ್ಲಿನವರು ಮಾಡುವಂತೆ ಪಿಂಗಾಣಿಯ ಮೇಲೆ ಅಜ್ಜನ ಫೋಟೋ ಅಚ್ಚು ಹಾಕಿಸಿ ಅಂಟಿಸಿದರು. ಮಫಾಲ್ಡಾಗೆ ಎರ್ಸಿಲಿಯಾ ಹೇಳಿದ್ದು, ನಿಮ್ಮಜ್ಜನ ಜಾಡು ಹಡಗುಕಟ್ಟೆ ದಾಟಿದ ಮೇಲೆ ಸಿಗಲಿಲ್ಲ ಎಂದು. "ಓಡಿಹೋದವನು ಜಾಡು ಬಿಟ್ಟು ಹೋಗ್ತಾನಾ?" ಎಂದು ಮಫಾಲ್ಡಾ ಕೈಚೀಲ ಎತ್ತಿಕೊಂಡು ಹೊರಟುಹೋಗಿದ್ದರು.

"ಎರಡು ಸಾಕ್ಷಿ ಅಂದ್ಕೊಂಡೆ. ಎರಡೂ ಒಂದೇ ಬಾಯಿಂದ ಬಂದಿತ್ತು," ಎಂದು ಎರ್ಸಿಲಿಯಾ ಈಗ ಹೇಳುತ್ತಾರೆ. "ಮನೆಯವರ ಕತೆ ಬಂದಿದ್ದೂ ಆ ಕಾಗದದಿಂದ, ವಿಧವೆ ಅಂತ ಬರೆಸಿದ್ದೂ ಆ ಕಾಗದದಿಂದ. ಅದು ನನ್ನ ದಡ್ಡ ತಲೆಗೆ ಹೊಳೀಲಿಲ್ಲ."

ಇಟಲಿಯಲ್ಲಿ ಹುಟ್ಟಿದ ದಾಖಲೆ ಎರಡು ಪ್ರತಿ. ಒಂದು ಜಿಲ್ಲೆಯ ನ್ಯಾಯಾಲಯಕ್ಕೆ ಹೋಗುತ್ತದೆ; ಕಂಪ್ಯೂಟರಿನಲ್ಲಿ ನೋಡಲು ಸಿಗುವುದು ಅದೇ. ಇನ್ನೊಂದು ಊರಕಚೇರಿಯಲ್ಲೇ ಉಳಿಯುತ್ತದೆ. ಆ ಮನುಷ್ಯನ ಮದುವೆ, ಸಾವು ಏನಾದರೂ ಸುದ್ದಿ ಬಂದರೆ ಗುಮಾಸ್ತ ಊರಿನ ಪ್ರತಿಯ ಅಂಚಿನಲ್ಲಿ ತಪ್ಪದೆ ಬರೆದಿಡುತ್ತಾನೆ. ನ್ಯಾಯಾಲಯದ ಪ್ರತಿಯ ಅಂಚು ಎಷ್ಟೋ ಸಲ ಬೋಳಾಗಿಯೇ ಇರುತ್ತದೆ. ಎರ್ಸಿಲಿಯಾ ಅಂದು ನೋಡಿದ್ದು ಬೋಳು ಅಂಚು. ಈ ಫೆಬ್ರವರಿಯಲ್ಲಿ ಬೇರೆ ಯಾವುದೋ ಮನೆಯ ಮಗುವಿನ ದಾಖಲೆ ಕೇಳಿ ಬರೆದಾಗ, ರೊಕ್ಕಾಸ್ಪೀನಾದ ಹೊಸ ಗುಮಾಸ್ತೆ ಊರಿನ ಪ್ರತಿಯ ಇಡೀ ಪುಟದ ಫೋಟೋ ಕಳಿಸಿದಳು. ಕೇಳಿದ ಮಗು ಪುಟದ ಕೆಳಗಿತ್ತು. ಪುಟದ ಮೇಲೆ ಗಾಡಿ ದೊನಾತೊ ಇದ್ದ. ಅಂಚಿನಲ್ಲಿ ಎರಡು ಸಾಲು: ಮರಣ, ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ, ಮಾರ್ಚ್ ನಾಲ್ಕು, ಸಾವಿರದ ಒಂಬೈನೂರ ಐವತ್ತೊಂದು.

ಐವತ್ತೊಂದರಲ್ಲಿ ಸತ್ತವನು ಹನ್ನೊಂದರಲ್ಲಿ ಗೋರಿ ಸೇರಲಾರ. ಆ ಪುಟವನ್ನು ಮುಚ್ಚಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ರೊಸಾರಿಯೊಗೆ ಪತ್ರ ಬರೆದರು. ಈ ಸಲ ಎರಡನೇ ಸಾಕ್ಷಿ ಬೇರೆ ಬಾಯಿಂದಲೇ ಬರಬೇಕಿತ್ತು. ಏಳು ತಿಂಗಳಾದ ಮೇಲೆ ಉತ್ತರ ಬಂತು. ಸತ್ತವನ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಎರಡೂ ಗಾಡಿ ಮನೆಯವೇ. ಅಂದಮೇಲೆ ಹದಿನಾಲ್ಕನೇ ಗೂಟದ ಕೆಳಗೆ ನೂರು ವರ್ಷದಿಂದ ಮಲಗಿರುವುದು ಗಂಟೆ ದೊನಾತೊ, ಓಡಿಹೋದವನೆಂದು ಹೆಸರಾದವನು.

ಸೆಪ್ಟೆಂಬರಿನ ಒಂದು ಸಂಜೆ ಎರ್ಸಿಲಿಯಾ ಊರಿನ ಇಟಾಲಿಯನ್ನರ ಕ್ಲಬ್ಬಿನ ಹಿಂದಿನ ಚೆಂಡಾಟದ ಅಂಗಳಕ್ಕೆ ಹೋದರು. ವೀತೊ ಬೆಂಚಿನ ಮೇಲೆ ಕೂತು ಆಡುವವರನ್ನೆಲ್ಲ ಬೈಯುತ್ತಿದ್ದರು.

"ಕುಂಪಾ ವೀತೊ, ನಾನು ಒಂದು ತಪ್ಪು ಮಾಡಿದ್ದೀನಿ."

"ನೀನಾ? ತಪ್ಪಾ? ತಡಿ, ಪಾದ್ರಿಯನ್ನ ಕರೆಸ್ತೀನಿ. ಇಂಥ ಮಾತಿಗೆ ಸಾಕ್ಷಿ ಬೇಕು."

ಎರ್ಸಿಲಿಯಾ ನಗಲಿಲ್ಲ. ಎರಡೂ ಕಾಗದ ಅವರ ಕೈಗಿಟ್ಟು, ಬೆರಳಿಟ್ಟು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವೀತೊ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅಂದ್ರೆ ನನ್ನಜ್ಜಿ ತಾನು ಸಾಯೋವರೆಗೆ, ಮೂವತ್ತಾರು ವರ್ಷ, ಬದುಕಿದ್ದ ಗಂಡನಿಗೋಸ್ಕರ ಕಪ್ಪು ಉಟ್ಟಳು."

"ಹೌದು ಕುಂಪಾ."

"ಯಾಕೆ ಹ್ಞಾ? ಯಾಕೆ ಹೋದ ಅವನು? ಒಂದು ಕಾಗದ ಹಾಕೋಕೆ ಏನಾಗಿತ್ತು?"

"ಅದು ಈ ಕಾಗದದಲ್ಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನ ನಾನು ಹೇಳಲ್ಲ."

"ಯಾರ್‍ಯಾರಿಗೆ ಹೇಳಿದ್ದೀಯ?"

"ನಿಮಗೇ ಮೊದಲು."

"ಹಾಗಾದ್ರೆ ಕೊನೆಯವನೂ ನಾನೇ ಆಗಿರ್ಲಿ. ನನಗೆ ಎಂಬತ್ತನಾಲ್ಕು. ನಾನು ಹೋದ್ಮೇಲೆ ನಿನಗೆ ಬೇಕಾದ್ದು ಬರ್ಕೋ."

"ಮಫಾಲ್ಡಾಗೆ ಎಂಬತ್ತಮೂರು. ಅವಳು ನಿಮಗಿಂತ ಮುಂಚೆ ಹೋದ್ರೆ?"

ಆಟ ನಿಂತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ವೀತೊ ದನಿ ಏರಿಸಿದರು. "ನಿನ್ನ ಇಟ್ಕೊಂಡಿರೋದು ಸ್ಮಶಾನದ ಹುಲ್ಲು ಕತ್ತರಿಸೋಕೆ, ಜನರ ಮನೆ ಮರ್ಯಾದೆ ಕತ್ತರಿಸೋಕಲ್ಲ. ಕೀಲಿಕೈ ಯಾರ ಹತ್ರ ಇರಬೇಕು ಅಂತ ಹೇಳೋನು ನಾನು, ಮರೀಬೇಡ."

ಎರ್ಸಿಲಿಯಾ ಸೊಂಟದಿಂದ ಕೀಲಿಕೈ ಬಿಚ್ಚಿ ಬೆಂಚಿನ ಮೇಲಿಟ್ಟರು. "ತಗೊಳ್ಳಿ. ಭಾನುವಾರ ಮಫಾಲ್ಡಾ ಮನೆಗೆ ಹೋಗ್ತೀನಿ. ನೀವು ಜೊತೆಗೆ ಬಂದ್ರೂ ಸರಿ, ಬರದಿದ್ರೂ ಸರಿ." ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಕೀಲಿಕೈ ಇಲ್ಲದೆ ಮನೆಗೆ ನಡೆದರು. ಮನೆ ಸೇರಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ವೀತೊ ಬರಲಿಲ್ಲ. ಭಾನುವಾರ ಮಫಾಲ್ಡಾ ಅಡುಗೆಮನೆಯಲ್ಲಿ ಕಬ್ಬಿಣದ ಅಚ್ಚಿನಲ್ಲಿ ತೆಳು ಬಿಸ್ಕತ್ತು ಸುಡುತ್ತಿದ್ದರು. ಕಾಗದಗಳನ್ನು ನಿಂತೇ ಮೂರು ಸಲ ಓದಿದರು. ಅಚ್ಚಿನಲ್ಲಿದ್ದದ್ದು ಸೀದು ಹೊಗೆಯಾಡಿತು, ತೆಗೆಯಲಿಲ್ಲ.

"ನಮ್ಮಜ್ಜಿ ಅರ್ಕಾಂಜೆಲಾ ಅವನ ಹೆಸರು ಬಂದಾಗೆಲ್ಲ ಉಗೀತಿದ್ಲು," ಎಂದರು ಕೊನೆಗೆ. "ಮದುವೆ ಫೋಟೋದಲ್ಲಿ ಅವನನ್ನ ಕತ್ತರಿಸಿ ಒಲೆಗೆ ಹಾಕಿದ್ಲು. ಸಾಯೋ ದಿನ ಪಾದ್ರಿ, ಗಂಡನನ್ನ ಕ್ಷಮಿಸಿಬಿಡಮ್ಮ ಅಂದ್ರೆ ಗೋಡೆ ಕಡೆ ತಿರುಗಿ ಮಲಗಿದ್ಲು. ಪಾಪ, ಕ್ಷಮಿಸೋಕೆ ಅವನೇನು ಮಾಡಿದ್ದ?"

ಎರ್ಸಿಲಿಯಾ ತಮ್ಮ ತಪ್ಪನ್ನು ಒಪ್ಪಿಕೊಂಡರು, ಕ್ಷಮೆ ಕೇಳಿದರು. ಮಫಾಲ್ಡಾ ಸೀದ ಬಿಸ್ಕತ್ತನ್ನು ಅಚ್ಚಿನಿಂದ ಬಿಡಿಸಿ ತಟ್ಟೆಗೆ ಹಾಕಿದರು. "ಹನ್ನೊಂದು ವರ್ಷದ ಹಿಂದೆ ನಿನ್ನ ಮೆಟ್ಟಿಲು ಇಳಿದು ಬಂದಿದ್ದೆ. ಅವತ್ತು ನನ್ನ ಗಂಡ ಇದ್ದ. ಅವನಿಗೆ ಹೇಳ್ಬೋದಿತ್ತು ಈ ಮಾತು."

"ತಪ್ಪಾಯ್ತು ಅಂದ್ರೆ ತಪ್ಪು ಹೋಗುತ್ತಾ?" ಎನ್ನುತ್ತಾರೆ ಎರ್ಸಿಲಿಯಾ. "ಅವಳು ಬಿಸ್ಕತ್ತು ಕಟ್ಟಿಕೊಟ್ಲು. ಸೀದಿದ್ದೇ ಕೊಟ್ಲು. ನಾನು ಎಲ್ಲಾ ತಿಂದೆ."

ಬುಧವಾರ ಬೆಳಗ್ಗೆ, ಕೀಲಿಕೈ ಇಲ್ಲದಿದ್ದರೂ ಅಭ್ಯಾಸಬಲದಿಂದ, ಕನ್ನಡಿ ಹಿಡಿದು ಎರ್ಸಿಲಿಯಾ ಸ್ಮಶಾನದವರೆಗೆ ಹೋದರು. ಬೇಲಿಯಾಚೆಯಿಂದ ನೋಡಿದರೆ ಮೊದಲ ಸಾಲು ಕಾಣುತ್ತದೆ, ಅಷ್ಟೇ ಸಾಕು ಎಂದುಕೊಂಡು. ಗೇಟು ತೆರೆದಿತ್ತು. ಗಣಿ ಕಾರ್ಮಿಕರ ಸಾಲಿನಲ್ಲಿ ವೀತೊ ನೆಲದ ಮೇಲೆ ಕಾಲು ಚಾಚಿ ಕೂತು, ಸ್ಕ್ರೂಡ್ರೈವರಿನಿಂದ ಅಜ್ಜನ ಪಿಂಗಾಣಿ ಫೋಟೋ ಮೀಟುತ್ತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಒಡೆದು ಹೋಗುತ್ತೆ ಕುಂಪಾ, ನಾನು ಹಿಡ್ಕೊಳ್ತೀನಿ ತಡೀರಿ."

"ಹಿಡ್ಕೋ. ಬಾಯಿ ಮಾತ್ರ ಮುಚ್ಕೊಂಡು ಹಿಡ್ಕೋ." ಸ್ವಲ್ಪ ಹೊತ್ತಾದ ಮೇಲೆ ಅವರೇ ಬಾಯಿ ಬಿಟ್ಟರು. "ಹೆಸರು ಅವನದ್ದೇ. ವರ್ಷ ಅವನದ್ದೇ. ಕಲ್ಲಲ್ಲಿ ಒಂದಕ್ಷರಾನೂ ಬದಲಾಯಿಸಬೇಕಾಗಿಲ್ಲ ನೋಡು. ಮುಖ ಒಂದು ನಮ್ಮನೆಯದ್ದು, ಅದನ್ನ ತಗೊಂಡು ಹೋಗ್ತೀನಿ. ಓಡಿಹೋದ್ರೂ ಅಜ್ಜ ಅಜ್ಜನೇ, ಬೀದಿಗೆ ಹಾಕೋಕಾಗುತ್ತಾ?"

ಫೋಟೋ ಒಡೆಯದೆ ಬಂತು. ಅದನ್ನು ಕರವಸ್ತ್ರದಲ್ಲಿ ಸುತ್ತುತ್ತ ವೀತೊ ನೆಲ ನೋಡಿಕೊಂಡು ಹೇಳಿದರು: "ಹತ್ತು ವರ್ಷದವನಿದ್ದಾಗ ಶಾಲೆಯಿಂದ ಮನೆವರೆಗೂ ಮಫಾಲ್ಡಾ ಹಿಂದೆ ಕೂಗ್ತಾ ಹೋಗ್ತಿದ್ದೆ. ಓಡಿಹೋದವನ ಮೊಮ್ಮಗಳೇ, ಓಡಿಹೋದವನ ಮೊಮ್ಮಗಳೇ ಅಂತ. ದಿನಾ. ಅವಳು ಒಂದಿನಾನೂ ತಿರುಗಿ ನೋಡಲಿಲ್ಲ. ನಾಲ್ಕು ರಾತ್ರಿಯಿಂದ ಅದೇ ಕೇಳಿಸ್ತಿದೆ ಕುಮಾ." ಏಳುವಾಗ ಎರ್ಸಿಲಿಯಾರ ಹೆಗಲು ಹಿಡಿದರು, ಕೀಲಿಕೈಯನ್ನು ಅವರ ಅಂಗೈಗೆ ಒತ್ತಿದರು. "ಗೇಟಿಗೆ ಎಣ್ಣೆ ಹಾಕು. ಕಿರ್‍ರ್ ಅಂತ ಸತ್ತವರನ್ನೂ ಎಬ್ಬಿಸುತ್ತೆ."

ಇಷ್ಟಾದ ಮೇಲೆ ಎರ್ಸಿಲಿಯಾರ ಬಳಿ ಜನ ಬರುವುದು ಕಡಿಮೆಯಾಯಿತೇ? ಹಾಗಾಗಬಹುದೆಂದು ಅವರಿಗೂ ಅನ್ನಿಸಿತ್ತು. ಅಕ್ಟೋಬರಿನಲ್ಲಿ ನೆಲಮಾಳಿಗೆಗೆ ಬಂದವರು ಮೂವತ್ತೇಳು ಜನ, ಯಾವ ತಿಂಗಳೂ ಅಷ್ಟಿರಲಿಲ್ಲ. ಹಳೆಯ ಆರುನೂರ ಹನ್ನೆರಡು ಮನೆತನಗಳ ಅಂಚುಗಳನ್ನೂ ಅವರು ಊರಿನ ಪ್ರತಿಯಲ್ಲಿ ಮತ್ತೆ ನೋಡುತ್ತಿದ್ದಾರೆ. ನಲವತ್ತು ಮುಗಿದಿವೆ, ಇನ್ನೊಂದು ತಪ್ಪು ಸಿಕ್ಕಿಲ್ಲ. "ಸಿಕ್ಕಿದ್ರೆ ಅವರ ಮನೆಗೂ ಹೋಗ್ತೀನಿ. ಕಾಲರ್ ಸೊಟ್ಟ ಆದ್ರೆ ಬಿಚ್ಚಿ ಹೊಲೀತಿದ್ವಿ, ಪೆಟ್ಟಿಗೇಲಿ ಮುಚ್ಚಿಡ್ತಿರಲಿಲ್ಲ." ಆಸೆ ಏನಾದರೂ ಇದೆಯೇ ಎಂದರೆ ಮಂಡಿ ತೋರಿಸುತ್ತಾರೆ. ಉಳಿದ ಎಂಟುನೂರ ಐವತ್ತೆರಡು ಕಲ್ಲು ಮುಗಿಯುವವರೆಗೆ ಅದು ಮಡಚಿದರೆ ಸಾಕಂತೆ.

ನವೆಂಬರ್ ಎರಡು, ಸತ್ತವರ ಹಬ್ಬ. ಸ್ಮಶಾನದಲ್ಲೇ ಪೂಜೆ. ಕೊನೆಗೆ ಪಾದ್ರಿ ಗಣಿಯಲ್ಲಿ ಸತ್ತ ಮೂವತ್ತೊಂದು ಜನರ ಹೆಸರು ಒಂದೊಂದಾಗಿ ಕೂಗುತ್ತಾರೆ. ಒಂದೊಂದು ಹೆಸರಿಗೂ ಆ ಮನೆಯವರು "ನಮ್ಮವನು" ಎಂದು ಓಗೊಡಬೇಕು. ದೊನಾತೊ ಲಸೋರ್ಸಾ ಎಂದು ಕೂಗಿದಾಗ ವೀತೊ, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲ ಬಾಯಿ ಬಿಗಿಹಿಡಿದು ನಿಂತರು. ಜನ ಹಿಂದೆ ತಿರುಗಿ ನೋಡಿದರು. ಗೇಟಿನ ಪಕ್ಕ, ಕೋಲೂರಿಕೊಂಡು, ಕಪ್ಪು ಕೋಟು ತೊಟ್ಟು ಮಫಾಲ್ಡಾ ನಿಂತಿದ್ದರು. ಏನೋ ಅಂದರು, ಕೇಳಿಸಲಿಲ್ಲ. ಪಾದ್ರಿ ಹೆಸರನ್ನು ಇನ್ನೊಮ್ಮೆ ಕೂಗಿದರು.

"ನಮ್ಮವನು," ಎಂದರು ಮಫಾಲ್ಡಾ. ಈ ಸಲ ದಿಬ್ಬದವರೆಗೆ ಕೇಳಿಸಿತು. ವೀತೊ ಪಕ್ಕಕ್ಕೆ ಸರಿದು ಕಲ್ಲಿನ ಮುಂದೆ ಅವರಿಗೆ ಜಾಗ ಬಿಟ್ಟುಕೊಟ್ಟರು, ತಲೆಯ ಮೇಲಿನ ಟೋಪಿ ತೆಗೆದರು.

ಜನ ಕರಗಿದ ಮೇಲೆ ಎರ್ಸಿಲಿಯಾ ಮಫಾಲ್ಡಾರ ಮೊಣಕೈ ಹಿಡಿದು ಮೇಲಿನ ಸಾಲಿಗೆ ನಡೆಸಿದರು. ಅರ್ಕಾಂಜೆಲಾಳ ಗೋರಿ ಇರುವುದು ಅಲ್ಲಿ. ಮೂವತ್ತಾರನೇ ಇಸವಿಯಲ್ಲಿ ಮಗ ತಾಯಿಯನ್ನು ಇಲ್ಲಿಗೆ ಕರೆಸಿಕೊಂಡಿದ್ದ. ಐವತ್ತೆಂಟರಲ್ಲಿ ಸಾಯುವವರೆಗೆ ಆಕೆ ಇದೇ ಊರಲ್ಲಿ, ಈ ಸ್ಮಶಾನದ ಕಾಲುದಾರಿಯಲ್ಲೇ ಚರ್ಚಿಗೆ ನಡೆಯುತ್ತಿದ್ದವಳು. ಗಂಡನ ಗೂಟದಿಂದ ಅವಳ ಕಲ್ಲಿಗೆ ನಲವತ್ತು ಹೆಜ್ಜೆ, ಎರ್ಸಿಲಿಯಾ ಎಣಿಸಿದ್ದಾರೆ. ಮಫಾಲ್ಡಾ ಕಲ್ಲಿನ ಮೇಲೆ ಕೈಯಿಟ್ಟು ಬಗ್ಗಿದರು, ಕಿವಿ ಮಂದವಾದವರೊಡನೆ ಮಾತಾಡುವಂತೆ ದನಿಯೆತ್ತಿ ಹೇಳಿದರು:

"ಅಜ್ಜೀ, ಅವನು ಎಲ್ಲೂ ಓಡಿಹೋಗಿರಲಿಲ್ಲ ಕಣೇ. ಇಲ್ಲೇ ಇದ್ದ. ನೀನೇ ದಿನಾ ಅವನ ಪಕ್ಕದಲ್ಲೇ ಹಾದು ಹೋಗ್ತಿದ್ದೆ."

"ನಾನು ಹಿಂದಕ್ಕೆ ಸರಿದು ಆಚೆ ತಿರುಗಿ ನಿಂತೆ," ಎನ್ನುತ್ತಾರೆ ಎರ್ಸಿಲಿಯಾ. "ಅದು ಅವರ ಮನೆ ಮಾತು. ಹುಡುಕಿ ಕೊಡೋವರೆಗೆ ನನ್ನ ಕೆಲಸ."